ಉಪ್ಪುನೀರಿನ ಬಾಟಲಿ

ಶಿವರಾತ್ರಿಗೆ ಕೋಲಾರ ಜಿಲ್ಲೆಯ ಆವನಿಯಲ್ಲಿ ದನಗಳ ಜಾತ್ರೆ. ರಾಮಲಿಂಗೇಶ್ವರನ ತೇರಿಗೆ ಬಂದವರು ಕೈಗೆ ಬಿದ್ದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಯಾರು ಮಾಡಿದ್ದೆಂದು ಕೇಳುವ ರೂಢಿಯಿಲ್ಲ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಬಾತ್ ತಿಂದವರೂ ಕೇಳಿರಲಿಲ್ಲ. 17 ಜನ ಸತ್ತರು. ಮುಂದಿನ ತಿಂಗಳೇ ಶ್ರೀನಿವಾಸಪುರದ ಮಗ್ಗುಲಿನ ಚಿಂತಾಮಣಿಯಲ್ಲಿ, ಗಂಗಮ್ಮನ ಗುಡಿಯ ಬಳಿ ಹಂಚಿದ ಪ್ರಸಾದ ತಿಂದು ಇಬ್ಬರು ಹೆಂಗಸರು ತೀರಿಕೊಂಡರು.

ಸುಳ್ವಾಡಿಯ ಅನ್ನದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಟೊಮೆಟೊ ಬೆಳೆಯುವ ಕೋಲಾರಕ್ಕೆ ಹೊಸ ಹೆಸರೇನಲ್ಲ. ತರಕಾರಿಗೆ ಹೊಡೆಯಕೂಡದೆಂದು ಕೇಂದ್ರ ಸರ್ಕಾರ 2005ರಲ್ಲೇ ತಡೆದ ‘ಔಷಧಿ’ ಅದು. (ಹಳ್ಳಿಯಲ್ಲಿ ವಿಷವನ್ನು ವಿಷ ಅನ್ನುವುದಿಲ್ಲ. ಪ್ರಾಣ ಬಿಡಲು ಕುಡಿದರೂ ‘ಔಷಧಿ ಕುಡ್ದ’ ಎಂದೇ ಮಾತು.)

ಇಂಥ ವಿಷವನ್ನು ಪತ್ತೆಹಚ್ಚುವ, ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯದ ಯಂತ್ರಗಳ ಬಗ್ಗೆ ಎಲ್ಲರಿಗೂ ಬೆರಗು. ಮಾದರಿಯನ್ನು ಕಾಯಿಸಿ ಆವಿ ಮಾಡಿ, ಕೂದಲೆಳೆಯಂಥ ಕೊಳವೆಯಲ್ಲಿ ಹಾಯಿಸಿ, ಬೇರೆಯಾದ ಒಂದೊಂದು ವಸ್ತುವಿನ ಅಣುವನ್ನೂ ಒಡೆದು, ಚೂರುಗಳ ತೂಕ ನೋಡಿ ಹೆಸರು ಹೇಳುತ್ತವೆ. ಆದರೆ ಕೇಸು ನಿಲ್ಲುತ್ತದೋ ಬೀಳುತ್ತದೋ ಎಂಬುದು ಎಷ್ಟೋ ಸಲ ಅದಕ್ಕೂ ಮೊದಲೇ, ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲೇ ತೀರ್ಮಾನವಾಗಿರುತ್ತದೆ.

ಅಲ್ಲಿ ಜಠರ ಒಂದು ಬಾಟಲಿಗೆ, ಯಕೃತ್ತು ಮತ್ತು ಮೂತ್ರಪಿಂಡದ ತುಂಡು ಇನ್ನೊಂದಕ್ಕೆ. ಮೇಲೆ ಇನ್ನು ಕರಗುವುದೇ ಇಲ್ಲ ಎನ್ನುವಷ್ಟು ಉಪ್ಪು ಬೆರೆಸಿದ ನೀರು. ಬಾಟಲಿಯನ್ನು ಕಂಠಮಟ್ಟ ತುಂಬಿಸುವಂತಿಲ್ಲ. ಒಳಗೆ ಕೊಳೆತು ಗಾಳಿ ಎದ್ದರೆ ಮುಚ್ಚಳ ಹಾರೀತು. ಬರೀ ಉಪ್ಪುನೀರಿನದೇ ಇನ್ನೊಂದು ಬಾಟಲಿ ಬೇರೆ: ವಿಷ ಇದ್ದದ್ದು ಆ ನೀರಿನಲ್ಲೇ ಎಂದು ನಾಳೆ ವಕೀಲರು ವಾದಿಸಬಾರದಲ್ಲ. ಉಪ್ಪುನೀರಿನ ಬದಲು ಯಾರಾದರೂ ಫಾರ್ಮಲಿನ್ ಸುರಿದರೋ, ಕೆಟ್ಟಿತು. ಸಯನೈಡಿನ ಸುಳಿವೇ ಅಳಿಸಿಹೋಗಬಹುದು. ಸಯನೈಡ್ ಬಳಸಿ ಚಿನ್ನ ತೆಗೆದ ಕೋಲಾರ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುತ್ತದೆ. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯದೇ. ಆದರೆ ರಾಜಧಾನಿಗೆ ಇನ್ನೊಂದು ದುಬಾರಿ ಯಂತ್ರ ತರುವ ಮೊದಲು ಸರ್ಕಾರ ತಾಲ್ಲೂಕು ಶವಾಗಾರಗಳ ಕಡೆ ಕಣ್ಣು ಹಾಯಿಸಲಿ: ಕೆಲಸ ಮಾಡುವ ಫ್ರಿಜ್ಜು, ಅಗಲ ಬಾಯಿಯ ಗಾಜಿನ ಬಾಟಲಿ, ಅಲ್ಲಿನ ಸಿಬ್ಬಂದಿಗೆ ವರ್ಷಕ್ಕೊಮ್ಮೆ ತರಬೇತಿ. ಜೊತೆಗೆ, ಆ ಬಾಟಲಿಗಳನ್ನು ಹೊತ್ತು ಮಡಿವಾಳಕ್ಕೆ ಹೊರಡುವ ಪೇದೆಗೆ ಒಂದು ಐಸ್ ಪೆಟ್ಟಿಗೆ, ಮತ್ತು ದಾರಿಯಲ್ಲಿ ಅರಗಿನ ಮುದ್ರೆ ಒಡೆಯದಂತೆ ಆ ಪೆಟ್ಟಿಗೆಯನ್ನು ಇಟ್ಟುಕೊಳ್ಳಲು ಜೀಪಿನಲ್ಲೊಂದು ಜಾಗ.