ಓಡಿಸಿ ನೋಡಿದ್ರೆ ಗೊತ್ತಾಗಲ್ವಾ?

ಕ್ಯಾಂಟೀನ್ ವಾದ | ಭಾಗ 6

ಒಂದು ಪ್ರೋಗ್ರಾಂ ಕೊನೆಗೆ ನಿಲ್ಲುತ್ತಾ, ಇಲ್ಲಾ ಓಡ್ತಾನೇ ಇರುತ್ತಾ? ಮೊದಲೇ ಹೇಳೋಕಾಗುತ್ತಾ? ಇದೇ ಹಾಲ್ಟಿಂಗ್ ಪ್ರಾಬ್ಲಮ್. ಬಿಸಿಎ ಗೆಳೆಯನ ಉತ್ತರ: "ಇನ್ನೊಂದು ಪ್ರೋಗ್ರಾಂ ಒಳಗೆ ಅದನ್ನ ಓಡಿಸಿ ನೋಡಿದ್ರಾಯ್ತು ಮಗಾ!"

ನಾನು ಬಿಕಾಂ. ಆದ್ರೂ ಒಪ್ಪಲ್ಲ. 🙅

ನೀವೇ ಎಕ್ಸೆಲ್ ತೆಗೀರಿ. 27 ಹಾಕಿ. ಸಮಸಂಖ್ಯೆ ಆದ್ರೆ ಅರ್ಧ ಮಾಡಿ, ಬೆಸ ಆದ್ರೆ ಮೂರರಿಂದ ಗುಣಿಸಿ 1 ಕೂಡಿಸಿ. 1 ಬಂದಾಗ ನಿಲ್ಲಿಸಿ. ನಡುವೆ 9232ರವರೆಗೂ ಏರುತ್ತೆ, 1 ಬರೋದು 111ನೇ ಹೆಜ್ಜೆಗೆ! ನೂರಕ್ಕೇ ಬೇಜಾರಾಗಿ "ಇದು ನಿಲ್ಲಲ್ಲ" ಅಂದಿದ್ರೆ? ತಪ್ಪು.

"ಲೂಪ್ ಆದ್ರೆ ಹಿಡೀತೀನಿ" ಅಂದ. ಅದೇ ಸ್ಥಿತಿ ಮತ್ತೆ ಬಂದ್ರೆ ಸರಿ, ಹಿಡೀಬಹುದು. ಆದ್ರೆ 1, 2, 3 ಅಂತ ಎಣಿಸ್ತಾನೇ ಹೋಗೋ ಪ್ರೋಗ್ರಾಂನಲ್ಲಿ ಯಾವ ಸ್ಥಿತಿಯೂ ಮತ್ತೆ ಬರಲ್ಲ.

"ಅದಕ್ಕೂ ಒಂದು ರೂಲ್ ಹಾಕ್ತೀನಿ" ಅಂದ. ಹಾಕಲಿ. ಆ ಪರೀಕ್ಷಕನನ್ನೇ ಒಳಗಿಟ್ಕೊಂಡ ಒಂದು ತರಲೆ ಪ್ರೋಗ್ರಾಂ ತನ್ನ ಬಗ್ಗೆಯೇ ಕೇಳುತ್ತೆ. "ನಿಲ್ತೀಯ" ಅಂದ್ರೆ ಓಡ್ತಾನೇ ಇರುತ್ತೆ, "ನಿಲ್ಲಲ್ಲ" ಅಂದ್ರೆ ತಟ್ಟನೆ ನಿಲ್ಲುತ್ತೆ. ಯಾವ ಉತ್ತರ ಕೊಟ್ರೂ ಸುಳ್ಳು! ಈ ವಾದದ ಬೇರು ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಲ್ಲಿದೆ.

ಓಡಿಸಿ ನೋಡೋದು ದಂಡ ಅಂತಲ್ಲ. ನಿಂತ್ರೆ ಖಚಿತ ಉತ್ತರ ಸಿಗುತ್ತೆ. ನಿಲ್ಲದಿದ್ರೆ ಸಿಗೋದು "ಇನ್ನೂ ನಿಂತಿಲ್ಲ" ಅಂತಷ್ಟೇ.

ಅಪ್ಪನ ಅಂಗಡಿಯ ಉದ್ರಿ ಪುಸ್ತಕದಲ್ಲೂ ಹಾಗೇ. ಹಳೇ ಬಾಕಿಯನ್ನ ನಾನು ಬ್ಯಾಡ್ ಡೆಟ್ ಅಂತ ಹೊಡೆದುಹಾಕೋಣ ಅಂದ್ರೆ ಅಪ್ಪ ಅಂತಾರೆ: "ಇನ್ನೂ ಕೊಟ್ಟಿಲ್ಲ ಅನ್ನು. ಕೊಡಲ್ಲ ಅನ್ಬೇಡ."

ನೀವು ಯಾರ ಕಡೆ? ಕಾಮೆಂಟಲ್ಲಿ ಹೇಳಿ 👇

#ಕ್ಯಾಂಟೀನ್‌ವಾದ #ಬಿಕಾಂಹುಡುಗ