ಎಷ್ಟು ನೆರಳು ಉಳಿಯಬೇಕು?

ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿನಲ್ಲೇ ಅಮ್ಮಪಲ್ಲಿಯ ಹಳೆಯ ರಾಮ ದೇವಸ್ಥಾನವೂ ಇದೆ. ಎತ್ತರದ ಗೋಪುರ, ಪಕ್ಕದಲ್ಲಿ ಮೆಟ್ಟಿಲುಗಳ ಕೊಳ. ತೆಲುಗು ಸಿನಿಮಾದವರಿಗೆ ಅಚ್ಚುಮೆಚ್ಚಿನ ಜಾಗ. ಎಚ್‌ಡಿಆರ್ ಛಾಯಾಗ್ರಹಣ ಕಲಿಯುವವರಿಗೂ ಇದು ಒಳ್ಳೆಯ ಪಾಠಶಾಲೆ. ನಡುಹಗಲಲ್ಲಿ ಗೋಪುರದ ಬಾಗಿಲೊಳಗೆ ನಿಂತು ಹೊರಗೆ ನೋಡಿದರೆ ಕಣ್ಣಿಗೆ ಕಲ್ಲೂ ಕಾಣುತ್ತದೆ, ಆಕಾಶವೂ ಕಾಣುತ್ತದೆ. ಕ್ಯಾಮೆರಾವನ್ನು ಕಲ್ಲಿಗೆ ಹೊಂದಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ. ಆಕಾಶಕ್ಕೆ ಹೊಂದಿಸಿದರೆ ಕಲ್ಲು ಮಸಿಯಾಗುತ್ತದೆ.

ಈ ತೊಡಕು ಹೊಸದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಚಿತ್ರದಲ್ಲಿ ಮುದ್ರಿಸಿದ. ಇಂದಿನ ವಿಧಾನದ ತಿರುಳೂ ಅದೇ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಅಪರ್ಚರ್ ಮುಟ್ಟದೆ, ಶಟರ್ ವೇಗವನ್ನಷ್ಟೇ ಬದಲಿಸಿ ಮೂರು ಚಿತ್ರ ತೆಗೆಯಬೇಕು: ಒಂದು ಮೀಟರ್ ಹೇಳಿದಂತೆ, ಒಂದು ಎರಡು ಸ್ಟಾಪ್ ಕಡಿಮೆ, ಇನ್ನೊಂದು ಎರಡು ಸ್ಟಾಪ್ ಹೆಚ್ಚು. ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ. ಹಾಗಾಗಿ ಅತಿ ಕಪ್ಪು ಚಿತ್ರಕ್ಕೂ ಅತಿ ಬಿಳಿ ಚಿತ್ರಕ್ಕೂ 16 ಪಟ್ಟು ಅಂತರ. ಇಂಥ ಚಿತ್ರಗಳಿಂದ ದೃಶ್ಯದ ಬೆಳಕಿನ ಏರಿಳಿತವನ್ನು ಲೆಕ್ಕಹಾಕುವ ವಿಧಾನವೊಂದನ್ನು 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ತೋರಿಸಿಕೊಟ್ಟರು.

ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಷ್ಟ ಶುರುವಾಗುವುದು ಆಮೇಲೆ. ಅಷ್ಟು ದೊಡ್ಡ ವ್ಯಾಪ್ತಿಯನ್ನು ಸಾಮಾನ್ಯ ಪರದೆಗೆ ಹಿಡಿಸುವಂತೆ ಕುಗ್ಗಿಸಬೇಕು. ಅದಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಸ್ಲೈಡರನ್ನು ಕೊನೆತನಕ ಎಳೆದರೆ ಕಲ್ಲಿನ ಪ್ರತಿ ಬಿರುಕೂ ಎದ್ದು ಕೂಗುತ್ತದೆ, ಗೋಪುರದ ಅಂಚಿಗೆ ಬೇಡದ ಪ್ರಭಾವಳಿ ಹುಟ್ಟುತ್ತದೆ, ಮೋಡಗಳು ಕೊಳಕಾಗುತ್ತವೆ.

ಕಣ್ಣಿಗೆ ಎರಡೂ ಕಾಣುವಾಗ ಚಿತ್ರದಲ್ಲೂ ಎರಡೂ ಕಾಣಲಿ ಎಂಬ ವಾದ ಸರಿಯೇ. ಆದರೆ ಕಣ್ಣು ಕಲ್ಲನ್ನು ಕತ್ತಲಲ್ಲಿರುವ ಕಲ್ಲೆಂದೇ ನೋಡುತ್ತದೆ. ವಿವರ ಸಿಕ್ಕರೂ ತಾರತಮ್ಯ ಅಳಿಯುವುದಿಲ್ಲ. ಒಳಗನ್ನೂ ಹೊರಗನ್ನೂ ಒಂದೇ ಮಟ್ಟಕ್ಕೆ ತಂದ ಚಿತ್ರ ಸುಳ್ಳು ಹೇಳುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬೆಳಕು ಜಾಲಂಧ್ರಗಳಲ್ಲಿ ಸೋಸಿ ಒಳಗೆ ಬರುತ್ತದೆ. ಆ ಮಬ್ಬನ್ನು ಪೂರ್ತಿ ತೊಳೆದ ಚಿತ್ರ ನೋಡಿದವರಿಗೆ ಜಾಲಂಧ್ರ ಯಾಕಿದೆಯೆಂದೇ ತಿಳಿಯದು. ಆ ಗುಡಿಗಳನ್ನು ಫೋಟೋದಲ್ಲಿ ಮಾತ್ರ ನೋಡುವವರೇ ಹೆಚ್ಚು.

ಈಗಂತೂ ಬಹುತೇಕ ಫೋನುಗಳು ಕೇಳದೆಯೇ ಹಲವು ಚಿತ್ರ ತೆಗೆದು ಬೆಸೆಯುತ್ತವೆ. ಎಷ್ಟು ನೆರಳು ಉಳಿಯಬೇಕೆಂಬ ತೀರ್ಮಾನ ಎಲ್ಲೋ ಬರೆದ ಪ್ರೋಗ್ರಾಮಿನದು. ಕೈಯಾರೆ ಕಲಿಯುವುದರ ಲಾಭ ಇರುವುದು ಇಲ್ಲೇ: ತೀರ್ಮಾನ ನೋಡುವವರ ಕೈಗೆ ಮರಳುತ್ತದೆ. ಶಟರ್ ಒತ್ತುವ ಮೊದಲು ಒಂದು ನಿಮಿಷ ಸುಮ್ಮನೆ ನಿಂತು, ಯಾವ ಮೂಲೆ ಕತ್ತಲಾಗಿದೆ ಎಂದು ಗುರುತಿಸಿಕೊಳ್ಳಿ. ಚಿತ್ರ ಬೆಸೆದಾದ ಮೇಲೆ ಆ ಮೂಲೆ ಅಲ್ಲಿ ಕತ್ತಲಾಗಿಯೇ ಇರಲಿ.