ಬೆರಳ ತುದಿಯ ಶಾಸ್ತ್ರಜ್ಞ

ಬಟ್ಟೆ ಕೊಳ್ಳಲು ಹೋದ ಗೃಹಿಣಿ ಸೀರೆಯನ್ನು ಕಣ್ಣಿನಿಂದ ನೋಡಿದಷ್ಟಕ್ಕೇ ತೃಪ್ತಳಾಗುವುದಿಲ್ಲ. ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲನೆ ಉಜ್ಜುತ್ತಾಳೆ. ಬೆರಳನ್ನು ಸುಮ್ಮನೆ ಅದರ ಮೇಲಿಟ್ಟರೆ ಸಾಲದೆ? ಸಾಲದು. ಏಕೆ ಸಾಲದೆಂಬುದನ್ನು ಪ್ರಯೋಗಗಳಿಂದ ತೋರಿಸಿದವನು ಡೇವಿಡ್ ಕಾಟ್ಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ.

1884ರಲ್ಲಿ ಕಾಸೆಲ್ ನಗರದಲ್ಲಿ ಜನಿಸಿದ ಕಾಟ್ಸ್ ಗೋಟಿಂಗೆನ್‌ನಲ್ಲಿ ವ್ಯಾಸಂಗ ಮಾಡಿ, 1919ರಲ್ಲಿ ರೋಸ್ಟಾಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಅಂದಿನ ವಿದ್ವಾಂಸರ ಗಮನವೆಲ್ಲ ಕಣ್ಣು ಕಿವಿಗಳತ್ತ. ಚರ್ಮವನ್ನು ಪರೀಕ್ಷಿಸಿದವರೂ ಕೂದಲೆಳೆಯಿಂದ ಒಂದೊಂದೇ ಬಿಂದುವನ್ನು ಒತ್ತಿ ನೋಡುತ್ತಿದ್ದರು. ಕಾಟ್ಸ್ ಹಿಡಿದ ದಾರಿ ಬೇರೆ. ಅತಿ ನುಣುಪಿನಿಂದ ಅತಿ ಒರಟಿನವರೆಗೆ ಬಗೆಬಗೆಯ ಕಾಗದಗಳನ್ನು ಕೂಡಿಹಾಕಿ, ನೋಡದೆಯೇ ಗುರುತಿಸುವಂತೆ ಜನರನ್ನು ಕೇಳಿದನು. ನಿಶ್ಚಲವಾದ ಬೆರಳಿಗೆ ಭೇದ ಸರಿಯಾಗಿ ತಿಳಿಯದು. ಬೆರಳು ಚಲಿಸಿದೊಡನೆ ಕಾಗದ ತನ್ನ ಗುಣವನ್ನು ಹೇಳಿಬಿಡುತ್ತದೆ. ಇನ್ನೂ ಸೋಜಿಗವೆಂದರೆ, ಕಾಗದವನ್ನು ಮುಟ್ಟದೆ ಮರದ ಕಡ್ಡಿಯೊಂದನ್ನು ಅದರ ಮೇಲೆ ಎಳೆದರೂ ಒರಟು ನುಣುಪುಗಳು ಕೈಗೆ ತಿಳಿಯುತ್ತಿದ್ದವು. ಕಡ್ಡಿಗೆ ನರಗಳಿಲ್ಲವಷ್ಟೆ! ಅದರ ಮೂಲಕ ಹರಿದು ಬಂದುದು ಕಂಪನ. ಒತ್ತಡದ ಅರಿವಿನಿಂದ ಕಂಪನದ ಅರಿವು ಬೇರೆಯೆಂಬ ವಾದವನ್ನು ಕಾಟ್ಸ್ ಸ್ಪರ್ಶಪ್ರಪಂಚವನ್ನು ಕುರಿತ ತನ್ನ 1925ರ ಗ್ರಂಥದಲ್ಲಿ ಮಂಡಿಸಿದನು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಕಾಟ್ಸ್ ಯಹೂದಿ, ಪೀಠ ಹೋಯಿತು. ಮನಶ್ಶಾಸ್ತ್ರಜ್ಞೆಯೇ ಆಗಿದ್ದ ಪತ್ನಿ ರೋಜಾಳೊಂದಿಗೆ ಇಂಗ್ಲೆಂಡಿಗೆ ವಲಸೆ ಹೋಗಬೇಕಾಯಿತು. ಕಾಗದ, ಕಡ್ಡಿ, ಮನುಷ್ಯನ ಕೈ, ಇಷ್ಟರಿಂದಲೇ ಶಾಸ್ತ್ರ ಕಟ್ಟಿದವನಿಗೆ ಪರದೇಶದಲ್ಲಿಯೂ ಕೆಲಸಕ್ಕೆ ಕೊರತೆಯಾಗಲಿಲ್ಲವೆನ್ನಬೇಕು. ನಾದಿದ ಹಿಟ್ಟನ್ನು ಮುಟ್ಟಿಯೇ ಅದರ ಯೋಗ್ಯತೆಯನ್ನು ನಿರ್ಣಯಿಸುವ ಬ್ರೆಡ್ ತಯಾರಕರು ಅಲ್ಲಿ ಅವನ ಪರೀಕ್ಷೆಗೆ ಒಳಗಾದರು. ಅವರು ಹಿಟ್ಟನ್ನು ಪರೀಕ್ಷಿಸಿದರೆ, ಕಾಟ್ಸ್ ಅವರ ಕೈಗಳನ್ನು ಪರೀಕ್ಷಿಸಿದನು. 1937ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಅವನಿಗೆ ಮತ್ತೆ ಪ್ರಾಧ್ಯಾಪಕ ಪೀಠವನ್ನು ನೀಡಿತು. 1953ರಲ್ಲಿ ಅಲ್ಲಿಯೇ ನಿಧನನಾದನು.

ಅವನ ಗ್ರಂಥ ಇಂಗ್ಲಿಷಿನಲ್ಲಿ ಪೂರ್ಣವಾಗಿ ಹೊರಬಂದುದು 1989ರಲ್ಲಿ. ಅಷ್ಟರೊಳಗೆ ನರವಿಜ್ಞಾನಿಗಳು ಚರ್ಮದಾಳದಲ್ಲಿ ಈರುಳ್ಳಿಯಂತೆ ಪದರಪದರವಾಗಿರುವ ಸೂಕ್ಷ್ಮ ಗ್ರಾಹಕಗಳು ಸೆಕೆಂಡಿಗೆ ಸುಮಾರು 250 ಕಂಪನಗಳಿಗೆ ಅತ್ಯಂತ ಚುರುಕಾಗಿ ಸ್ಪಂದಿಸುತ್ತವೆಂದು ಕಂಡುಕೊಂಡಿದ್ದರು. ದೊಡ್ಡ ಉಬ್ಬುತಗ್ಗುಗಳನ್ನು ನಿಶ್ಚಲ ಬೆರಳೂ ಅರಿಯಬಲ್ಲದು. ನವುರಾದುವಕ್ಕೆ ಕಂಪನವೇ ಬೇಕು. 2013ರಲ್ಲಿ ಅದೇ ಸ್ಟಾಕ್‌ಹೋಮಿನ ಸಂಶೋಧಕರು ಕೇವಲ 13 ನ್ಯಾನೋಮೀಟರಿನ ಏರಿಳಿತವುಳ್ಳ ಮೇಲ್ಮೈಯನ್ನೂ ಬೆರಳು ನುಣುಪಾದುದರಿಂದ ಬೇರ್ಪಡಿಸಬಲ್ಲದೆಂದು ತೋರಿಸಿದರು. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ 13 ಪಾಲು! ಆ ಪರೀಕ್ಷೆಗೆ ಕುಳಿತವರೂ ಬೆರಳನ್ನು ಆಡಿಸಿಯೇ ನೋಡಿದ್ದರು.